ಬೀರುವಿನ ಕೀಲಿ ಮತ್ತು ಬೇಸಿಗೆ ರಜೆಯ ಓದು

(ಶಿಕ್ಷಕರು, ಗ್ರಂಥಪಾಲಕರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಮಾತಿನ ಭರದಲ್ಲಿ ಹಿಂದುಮುಂದಾದ ಕಡೆ ಸ್ವಲ್ಪ ಸರಿಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರುವಿನಲ್ಲೇ ನನ್ನದೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ.

ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಲೈಬ್ರರಿ ಬೀರುವಿನ ಜವಾಬ್ದಾರಿ ನನ್ನ ತಲೆಗೇ ಕಟ್ಟಿದ್ದರು. ವರ್ಷದ ಕೊನೆಯ ವಾರ ಬಂತೆಂದರೆ ನನಗೆ ಒಂದೇ ಚಿಂತೆ. ಮಕ್ಕಳ ಕೈಯಲ್ಲಿರುವ ಪುಸ್ತಕವೆಲ್ಲ ವಾಪಸ್ ಬರಬೇಕು. ಸಾಲ ಕೊಟ್ಟವಳ ಹಾಗೆ ತರಗತಿ ತರಗತಿಗೆ ಹೋಗಿ ವಸೂಲಿ ಮಾಡುತ್ತಿದ್ದೆ. ರಿಜಿಸ್ಟರಿನಲ್ಲಿ ಟಿಕ್ ಹಾಕಿ, ನಂಬರಿನ ಪ್ರಕಾರ ಜೋಡಿಸಿ, ಬೀಗ ಜಡಿದು, ಕೀಲಿಯನ್ನು ಆಫೀಸಿಗೆ ಒಪ್ಪಿಸಿದರೆ ಆ ವರ್ಷದ ಕೆಲಸ ಮುಗಿದ ಹಾಗೆ. ‘ಒಂದು ಪುಸ್ತಕವೂ ಕಳೆದಿಲ್ಲ ಸಾರ್’ ಎಂದು ಹೇಳುವಾಗ ನನಗೆ ಎಷ್ಟು ಹೆಮ್ಮೆ ಅಂತೀರಿ!

ಹೀಗೇ ಎಷ್ಟೋ ವರ್ಷ ನಡೆಯಿತು. ಮಗುವಿಗೆ ಪುಸ್ತಕ ಬೇಕೇಬೇಕಾಗಿದ್ದ ದಿನವೇ ಅದರ ಕೈಯಿಂದ ಕಿತ್ತುಕೊಳ್ಳುತ್ತಿದ್ದೇನೆ ಅನ್ನುವುದು ನನಗೆ ಹೊಳೆದದ್ದು ತೀರಾ ತಡವಾಗಿ. ಅದನ್ನು ಹೊಳೆಯಿಸಿದವಳು ಒಬ್ಬ ಹುಡುಗಿ.

ಮೂರನೇ ತರಗತಿಯವಳು. ವರ್ಷದ ಶುರುವಿನಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. ಒತ್ತಕ್ಷರ ಬಂದರೆ ಗಾಡಿ ನಿಂತೇಬಿಡುತ್ತಿತ್ತು. ಸಾಲಿನ ಕೆಳಗೆ ತೋರುಬೆರಳು ಇಟ್ಟು, ಅದನ್ನು ತಳ್ಳಿಕೊಂಡು ಹೋಗುತ್ತಿದ್ದಳು. ವರ್ಷಪೂರ್ತಿ ಅವಳ ಪಕ್ಕ ಕೂತು ಓದಿಸಿದೆ. ಕೊನೆಯ ತಿಂಗಳಲ್ಲಿ ಒಂದು ದಿನ ನೋಡುತ್ತೇನೆ, ಬೆರಳು ಮಾಯ! ಎರಡೂ ಕೈ ಪುಸ್ತಕದ ಅಂಚಿನಲ್ಲಿವೆ. ಕಣ್ಣು ತಾನಾಗಿ ಓಡುತ್ತಿದೆ. ಪ್ರಶ್ನಾರ್ಥಕ ಚಿಹ್ನೆ ಬಂದ ಕಡೆ ದನಿ ಮೇಲೇರುತ್ತಿದೆ. ಪಾಠ ಮಾಡುವವರಿಗೆ ಗೊತ್ತು, ಅದು ಎಷ್ಟು ದೊಡ್ಡ ಸಂಗತಿ ಅಂತ. ಆಮೇಲೆ ನಾನು ಬೀರುವಿಗೆ ಬೀಗ ಹಾಕಿದೆ. ರಜೆ ಬಂತು, ಹೋಯಿತು. ಶಾಲೆ ತೆರೆದ ಮೊದಲ ವಾರ ಅವಳನ್ನು ಕರೆದು ಒಂದು ಪುಟ ಓದು ಅಂದೆ. ಬೆರಳು ಮತ್ತೆ ಸಾಲಿನ ಕೆಳಗೆ ಬಂದು ಕೂತಿತ್ತು.

‘ರಜೆಯಲ್ಲಿ ಏನೂ ಓದಲಿಲ್ವೇನೇ?’ ಅಂತ ಸ್ವಲ್ಪ ಗದರಿಯೇ ಕೇಳಿದೆ. ಅವಳು ನನ್ನ ಮುಖ ನೋಡಿ, ‘ಏನನ್ನ ಓದಬೇಕಿತ್ತು ಟೀಚರ್?’ ಅಂದಳು. ತಲೆಹರಟೆಯ ಮಾತಲ್ಲ ಅದು. ನಿಜವಾಗಲೂ ಅವಳಿಗೆ ಗೊತ್ತಿರಲಿಲ್ಲ. ಹಳೇ ಪಠ್ಯಪುಸ್ತಕ ಬಿಟ್ಟರೆ ಮನೆಯಲ್ಲಿ ಅಚ್ಚಾದ ಹಾಳೆಯೇ ಇರಲಿಲ್ಲ.

ಅದೇ ತರಗತಿಯ ಇನ್ನೊಬ್ಬ ಹುಡುಗ ಇದ್ದ. ಅವನ ಮನೆಯಲ್ಲಿ ಪುಸ್ತಕದ ಕಪಾಟೇ ಇತ್ತು, ಓದುವ ಅಪ್ಪ ಅಮ್ಮ ಇದ್ದರು. ಅವನು ರಜೆಯಲ್ಲಿ ಪತ್ತೇದಾರಿ ಕಥೆಗಳ ಒಂದು ರಾಶಿಯನ್ನೇ ಮುಗಿಸಿ ಬಂದಿದ್ದ. ಇಬ್ಬರಿಗೂ ಅದೇ ಟೀಚರ್, ಅದೇ ಪಾಠ, ಅದೇ ಬೆಂಚು. ಬೇರೆಯಾಗಿದ್ದದ್ದು ಶಾಲೆ ಇಲ್ಲದ ಆ ಕೆಲವು ವಾರ ಮಾತ್ರ.

ಇದು ನನಗೊಬ್ಬಳಿಗೇ ಕಂಡದ್ದಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಈ ವಿಷಯದಲ್ಲಿ ಜಾಸ್ತಿ ಕೆಲಸ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ ಬೇಸಿಗೆ ರಜೆಯೇ ಎರಡೂವರೆ ತಿಂಗಳ ಹತ್ತಿರ ಇರುತ್ತದೆ. 1978ರಲ್ಲಿ ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಆಕೆಯ ಜಾಣತನ ನೋಡಿ, ವರ್ಷವನ್ನು ಎರಡು ತುಂಡು ಮಾಡಿದರು. ಶಾಲೆ ನಡೆಯುವಾಗ ಮಗು ಎಷ್ಟು ಕಲಿಯಿತು, ರಜೆಯಲ್ಲಿ ಎಷ್ಟು ಕಲಿಯಿತು ಅಂತ ಬೇರೆ ಬೇರೆ ಲೆಕ್ಕ ಹಾಕಿದರು. ಬಡ ಮನೆಯ ಮಕ್ಕಳಿಗೂ ಉಳ್ಳವರ ಮಕ್ಕಳಿಗೂ ನಡುವಿನ ಅಂತರ ಹೆಚ್ಚಾಗಿ ಅಗಲವಾಗುತ್ತಿದ್ದದ್ದು ರಜೆಯಲ್ಲಿ. ಇನ್ನೂ ಒಂದು ಕಂಡಿತು. ರಜೆಯಲ್ಲಿ ಮಕ್ಕಳು ಮಾಡುವ ನೂರೆಂಟು ಚಟುವಟಿಕೆಗಳಲ್ಲಿ ಕಲಿಕೆಯ ಜೊತೆ ಎಲ್ಲಕ್ಕಿಂತ ಗಟ್ಟಿ ನಂಟು ಇದ್ದದ್ದು ಓದಿಗೆ.

ಆಮೇಲೆ ಬಾಲ್ಟಿಮೋರ್. 1982ರಲ್ಲಿ ಅಲ್ಲಿ ಒಂದನೇ ತರಗತಿಗೆ ಸೇರಿದ ಸುಮಾರು 800 ಮಕ್ಕಳನ್ನು ಡೋರಿಸ್ ಎಂಟ್ವಿಸಲ್, ಕಾರ್ಲ್ ಅಲೆಕ್ಸಾಂಡರ್, ಲಿಂಡಾ ಓಲ್ಸನ್ ಎಂಬ ಮೂವರು ಹಿಂಬಾಲಿಸಿದರು. ಒಂದೆರಡು ವರ್ಷವಲ್ಲ, ಮಕ್ಕಳು ದೊಡ್ಡವರಾಗುವ ತನಕ. ಒಂಬತ್ತನೇ ತರಗತಿಯ ಹೊತ್ತಿಗೆ ಓದಿನಲ್ಲಿ ಕಾಣುವ ಅಂತರದ ಹತ್ತಿರಹತ್ತಿರ ಮೂರನೇ ಎರಡು ಭಾಗ ಪ್ರಾಥಮಿಕ ಶಾಲೆಯ ರಜೆಗಳಲ್ಲೇ ಹುಟ್ಟಿದ್ದು ಎಂದು ಅವರು 2007ರಲ್ಲಿ ಬರೆದರು. ಅವರು ಕೊಟ್ಟ ಒಂದು ಹೋಲಿಕೆ ನನಗೆ ತುಂಬಾ ಹಿಡಿಸಿತು. ಶಾಲೆ ಎಂದರೆ ನಲ್ಲಿ. ಶಾಲೆ ನಡೆಯುವಾಗ ಎಲ್ಲರಿಗೂ ನೀರು ಬರುತ್ತದೆ. ರಜೆ ಬಂದಾಗ ನಲ್ಲಿ ನಿಲ್ಲುತ್ತದೆ. ಇದಕ್ಕೆ ನಾನೊಂದು ಮಾತು ಸೇರಿಸುತ್ತೇನೆ. ಹಿತ್ತಲಲ್ಲಿ ಬಾವಿ ಇರುವವರಿಗೆ ನಲ್ಲಿ ನಿಂತದ್ದು ಗೊತ್ತೇ ಆಗುವುದಿಲ್ಲ.

1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಸರಾಸರಿಯಲ್ಲಿ ಒಂದು ತಿಂಗಳ ಕಲಿಕೆಯಷ್ಟು ನಷ್ಟ. ಲೆಕ್ಕದಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಥರ ಜಾರುತ್ತಾರೆ. ಓದಿನಲ್ಲಿ ಹಾಗಲ್ಲ. ಅನುಕೂಲಸ್ಥ ಮನೆಯ ಮಕ್ಕಳು ನಿಂತಲ್ಲೇ ನಿಲ್ಲುತ್ತಾರೆ ಅಥವಾ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬಡ ಮನೆಯ ಮಕ್ಕಳು ಹಿಂದೆ ಬೀಳುತ್ತಾರೆ. ಒಂದು ರಜೆಗೆ ಸುಮಾರು ಮೂರು ತಿಂಗಳ ಅಂತರ.

ಇಷ್ಟು ಹೇಳಿ ಸುಮ್ಮನಾದರೆ ನಾನು ಪೂರ್ತಿ ಸತ್ಯ ಹೇಳಿದ ಹಾಗಾಗುವುದಿಲ್ಲ. ಈ ಲೆಕ್ಕಗಳ ಬಗ್ಗೆ ಜಗಳವಿದೆ. 2018–19ರಲ್ಲಿ ಪಾಲ್ ವಾನ್ ಹಿಪಲ್ ಮತ್ತು ಕೆಲವರು ಹಳೆಯ ಅಂಕಗಳನ್ನು ಮತ್ತೆ ಕೆದಕಿದರು. ಹಳೆಯ ಪರೀಕ್ಷೆಗಳಲ್ಲಿ ಮೂರನೇ ತರಗತಿಯ ಕೊನೆಗೆ ಒಂದು ಪ್ರಶ್ನೆಪತ್ರಿಕೆ, ರಜೆ ಮುಗಿಸಿ ನಾಲ್ಕಕ್ಕೆ ಬಂದಾಗ ಬೇರೆಯೇ ಪ್ರಶ್ನೆಪತ್ರಿಕೆ. ಒಂದರ ಅಂಕದಲ್ಲಿ ಇನ್ನೊಂದನ್ನು ಕಳೆದು ‘ಇಷ್ಟು ಮರೆತರು’ ಅಂದರೆ ಹೇಗೆ? ಎರಡು ಬೇರೆ ತಕ್ಕಡಿಯಲ್ಲಿ ತೂಗಿದ ಹಾಗಲ್ವಾ? ಹೊಸ ಮಾದರಿಯ ಪರೀಕ್ಷೆಗಳಲ್ಲಿ ನೋಡಿದರೆ ರಜೆಯಲ್ಲಿ ಅಂತರ ಅಷ್ಟೊಂದು ಬೆಳೆಯುವುದು ಕಾಣುವುದಿಲ್ಲ, ಅಂತರದ ಬಹುಪಾಲು ಮಕ್ಕಳು ಶಾಲೆಗೆ ಕಾಲಿಡುವ ಮೊದಲೇ ಹುಟ್ಟಿರುತ್ತದೆ ಎಂದು ಅವರ ವಾದ.

ಇದನ್ನು ಓದಿದಾಗ ಮೊದಲು ನನಗೆ ಕಸಿವಿಸಿಯಾಯಿತು. ಆಮೇಲೆ ಯೋಚಿಸಿದೆ. ಅವರ ಲೆಕ್ಕದಲ್ಲೂ ರಜೆಯಲ್ಲಿ ಬಹುತೇಕ ಎಲ್ಲ ಮಕ್ಕಳ ಕಲಿಕೆ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ಅಂದರೆ ಹಿಂದೆ ಉಳಿದಿರುವ ಮಗುವಿಗೆ ಓಡಿ ಹೋಗಿ ಸೇರಿಕೊಳ್ಳಲು ಸಿಗುವ ಸಮಯವೂ ಅದೇ. ಶಾಲೆ ನಡೆಯುವಾಗ ಎಲ್ಲರೂ ಓಡುತ್ತಿರುತ್ತಾರೆ, ಆಗ ಹಿಂದಿನವರು ಸೇರಿಕೊಳ್ಳುವುದು ಕಷ್ಟ. ಹಾಗಾಗಿ ಮಗು ಜಾರುತ್ತದೋ, ನಿಂತಲ್ಲೇ ನಿಲ್ಲುತ್ತದೋ ಎಂಬ ಜಗಳ ಪಂಡಿತರಿಗೆ ಇರಲಿ. ನಮ್ಮ ಕೆಲಸ ಎರಡರಲ್ಲೂ ಒಂದೇ. ಮತ್ತೆ, ಆ ಬೆರಳನ್ನು ನಾನು ಕಣ್ಣಾರೆ ನೋಡಿದ್ದೇನಲ್ಲ.

ಓದು ಯಾಕೆ ಹೀಗೆ ಜಾರುತ್ತದೆ? ಈಜು, ಸೈಕಲ್ ಮರೆಯುವುದಿಲ್ಲ ಅಂತಾರಲ್ಲ. ಓದು ಪೂರ್ತಿ ಕೈವಶವಾದ ಮೇಲೆ ಹಾಗೇ. ಆದರೆ ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಪದ ನೋಡಿದ ತಕ್ಷಣ ಹೊಳೆಯಬೇಕು. ಅದು ಹೊಳೆಯಲು ಆ ಪದವನ್ನು ಹಲವು ಸಲ ನೋಡಿರಬೇಕು. ಪದ ಬಿಡಿಸುವುದರಲ್ಲೇ ತಲೆ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಸಾಲಿನ ಕೊನೆಗೆ ಬರುವಾಗ ಮೊದಲು ಏನಿತ್ತು ಅನ್ನುವುದೇ ಮರೆತಿರುತ್ತದೆ. ಓದು ಬೇಜಾರಾಗುತ್ತದೆ. ಬೇಜಾರಾದರೆ ಓದುವುದಿಲ್ಲ. ಓದದಿದ್ದರೆ ವೇಗ ಬರುವುದಿಲ್ಲ. ಇತ್ತ ಚೆನ್ನಾಗಿ ಓದುವ ಮಗು ಜಾಸ್ತಿ ಓದುತ್ತದೆ, ಓದಿದಷ್ಟೂ ಇನ್ನೂ ಚೆನ್ನಾಗಿ ಓದುತ್ತದೆ. ಉಳ್ಳವರಿಗೇ ಇನ್ನಷ್ಟು ಸೇರುವ ಈ ಆಟಕ್ಕೆ ಕೀತ್ ಸ್ಟಾನೊವಿಚ್ ಎಂಬ ಮನೋವಿಜ್ಞಾನಿ 1986ರಲ್ಲಿ ಬೈಬಲಿನ ಮತ್ತಾಯನ ಹೆಸರಿಟ್ಟು ಬರೆದರು. ಆ ಹೆಸರು ಈಗಲೂ ಚಾಲ್ತಿಯಲ್ಲಿದೆ.

ಪದಗಳ ವಿಷಯ ಇನ್ನೊಂದು. ಮನೆಯಲ್ಲಿ ಮಾತು ನಡೆದೇ ಇರುತ್ತದಲ್ಲ, ಪದ ಬೆಳೆಯುವುದಿಲ್ವಾ ಅಂತ ಕೇಳಬಹುದು. ಬೆಳೆಯುತ್ತದೆ, ಆದರೆ ಮಾತು ಸುತ್ತುವುದು ಅದದೇ ಪದಗಳ ಸುತ್ತ. ಹೇಯ್ಸ್ ಮತ್ತು ಆರೆನ್ಸ್ ಎಂಬಿಬ್ಬರು 1988ರಲ್ಲಿ ಇಂಗ್ಲಿಷಿನಲ್ಲಿ ಎಣಿಸಿಯೇ ನೋಡಿದರು. ಕಾಲೇಜು ಓದಿದ ದೊಡ್ಡವರ ಮಾತಿನಲ್ಲಿ ಸಾವಿರ ಪದಕ್ಕೆ ಅಪರೂಪದ ಪದ ಸುಮಾರು 17. ಮಕ್ಕಳ ಪುಸ್ತಕದಲ್ಲಿ ಸುಮಾರು 31. ಮಕ್ಕಳ ಪುಸ್ತಕದಲ್ಲಿ! ಓದಿಕೊಂಡವರ ಮನೆಯ ಮಾತೂ ಒಂದು ಕಥೆಪುಸ್ತಕಕ್ಕೆ ಸಮ ಆಗುವುದಿಲ್ಲ.

ಸರಿ, ಪುಸ್ತಕ ಎಲ್ಲಿಂದ ಬರಬೇಕು? ಫಿಲಡೆಲ್ಫಿಯಾದಲ್ಲಿ ಸುಸಾನ್ ನ್ಯೂಮನ್, ಡೋನಾ ಸೆಲಾನೊ ನಾಲ್ಕು ಬಡಾವಣೆಗಳ ಬೀದಿ ಬೀದಿ ಸುತ್ತಿ ಮಕ್ಕಳ ಪುಸ್ತಕ ಎಲ್ಲೆಲ್ಲಿ ಕೊಳ್ಳಲು ಸಿಗುತ್ತದೆ ಅಂತ ಲೆಕ್ಕ ಮಾಡಿದರು. 2001ರಲ್ಲಿ ಪ್ರಕಟವಾಯಿತು. ಅನುಕೂಲಸ್ಥರ ಒಂದು ಬಡಾವಣೆಯಲ್ಲಿ ಮಗುವಿಗೆ 13 ಪುಸ್ತಕದಂತೆ ಸಿಗುತ್ತಿತ್ತು. ಬಡವರ ಒಂದು ಬಡಾವಣೆಯಲ್ಲಿ 300 ಮಕ್ಕಳಿಗೆ ಒಂದು. ಬಡವರ ಕಡೆಯ ಲೈಬ್ರರಿಗಳು ತೆರೆದಿರುತ್ತಿದ್ದ ಹೊತ್ತೂ ಕಡಿಮೆ. ‘ಮಕ್ಕಳಿಗೆ ಓದುವ ಆಸಕ್ತಿಯೇ ಇಲ್ಲ ಕಣ್ರೀ’ ಅಂತ ಸ್ಟಾಫ್‌ರೂಮಿನಲ್ಲಿ ಯಾರಾದರೂ ಹೇಳಿದಾಗ ನನಗೆ ಆ 300ಕ್ಕೆ ಒಂದು ನೆನಪಾಗುತ್ತದೆ. ನಾನೂ ಹಾಗೆ ಹೇಳುತ್ತಿದ್ದವಳೇ.

ಹಾಗಾದರೆ ಪುಸ್ತಕ ಕೊಟ್ಟುಬಿಟ್ಟರೆ ಸಾಕಾ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಕೆಲಸ ಕೆಡುವುದೂ ಇಲ್ಲೇ, ಕೈಗೂಡುವುದೂ ಇಲ್ಲೇ.

ರಿಚರ್ಡ್ ಆಲಿಂಗ್ಟನ್, ಆನ್ ಮೆಕ್‌ಗಿಲ್-ಫ್ರಾನ್ಜೆನ್ ಮತ್ತು ಜೊತೆಗಾರರು ಫ್ಲಾರಿಡಾದ 17 ಬಡ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ರಜೆಗೆ ಮುಂಚೆ ಪುಸ್ತಕ ಮೇಳ ಇಟ್ಟರು. ಮಕ್ಕಳು ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಂಡರು. ರಜೆ ಶುರುವಾಗುವ ಹೊತ್ತಿಗೆ ಒಬ್ಬೊಬ್ಬರಿಗೂ 12 ಪುಸ್ತಕ ಕೊಟ್ಟರು, ವಾಪಸ್ ಕೊಡಬೇಕಿಲ್ಲ. ಹೀಗೆ ಮೂರು ಬೇಸಿಗೆ. ಮಕ್ಕಳು ಏನು ಆರಿಸಿದರು ಅಂತೀರಿ? ದೊಡ್ಡವರು ಮೆಚ್ಚುವ ಪುಸ್ತಕ ಅಲ್ಲವೇ ಅಲ್ಲ. ಹಾಡುಗಾರರು, ಟಿವಿಯಲ್ಲಿ ಬರುವವರು, ಇಂಥವರ ಬಗ್ಗೆ ಇರುವವನ್ನೇ ಮುಗಿಬಿದ್ದು ತೆಗೆದುಕೊಂಡರು. ನಾನಾಗಿದ್ದರೆ ಮೂಗು ಮುರಿಯುತ್ತಿದ್ದೆ. ಮೂರು ಬೇಸಿಗೆ ಕಳೆದ ಮೇಲೆ ಪರೀಕ್ಷೆ ಮಾಡಿದಾಗ ಪುಸ್ತಕ ಸಿಕ್ಕ ಮಕ್ಕಳು ಸಿಗದವರಿಗಿಂತ ಓದಿನಲ್ಲಿ ಮುಂದಿದ್ದರು. ಭಾರಿ ಅಂತರವಲ್ಲ, ಆದರೆ ಇತ್ತು. ತೀರಾ ಬಡ ಮಕ್ಕಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇತ್ತು. 2010ರಲ್ಲಿ ಇದು ಪ್ರಕಟವಾಯಿತು.

ಈಗ ಇದಕ್ಕೆ ಅಡ್ಡ ನಿಲ್ಲುವ ಇನ್ನೊಂದು. ಜೇಮ್ಸ್ ಕಿಮ್ ಎಂಬವರು ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರು ಮತ್ತು ಥಾಮಸ್ ವೈಟ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರರಿಂದ ಐದನೇ ತರಗತಿಯ ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ರಜೆಯಲ್ಲಿ ಏನೂ ಇಲ್ಲ. ಎರಡನೆಯದಕ್ಕೆ ಅಂಚೆಯಲ್ಲಿ ಎಂಟು ಪುಸ್ತಕ, ಅಷ್ಟೇ. ಮೂರನೆಯದಕ್ಕೆ ಪುಸ್ತಕದ ಜೊತೆಗೆ ಗಟ್ಟಿಯಾಗಿ ಓದುವ ಅಭ್ಯಾಸ. ನಾಲ್ಕನೆಯದಕ್ಕೆ ಅದರ ಜೊತೆ ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಉಪಾಯಗಳೂ. ಬರೀ ಪುಸ್ತಕ ಸಿಕ್ಕ ಗುಂಪು ಏನೂ ಸಿಗದ ಗುಂಪಿಗಿಂತ ಮುಂದೆ ಹೋಗಲಿಲ್ಲ. ನಾಲ್ಕನೆಯ ಗುಂಪು ಹೋಯಿತು.

ಈ ಪ್ರಯೋಗದಲ್ಲಿ ನನ್ನ ಕಣ್ಣು ಕೀಲಿಸಿದ್ದು ಒಂದು ಸಣ್ಣ ವಿವರದ ಮೇಲೆ. ಆ ಅಭ್ಯಾಸ, ಆ ಉಪಾಯ ಎಲ್ಲ ಹೇಳಿಕೊಟ್ಟದ್ದು ರಜೆಯಲ್ಲಲ್ಲ. ಶಾಲೆ ಮುಚ್ಚುವ ಮುಂಚಿನ ಕೊನೆಯ ದಿನಗಳಲ್ಲಿ, ತರಗತಿಯಲ್ಲೇ, ಅವರ ಟೀಚರುಗಳೇ. ನಾನು ರಿಜಿಸ್ಟರ್ ಹಿಡಿದು ವಸೂಲಿಗೆ ಹೋಗುತ್ತಿದ್ದೆನಲ್ಲ, ಅದೇ ದಿನಗಳಲ್ಲಿ.

ಅದಕ್ಕೇ ನಾನು ಇವತ್ತು ನಿಮ್ಮ ಹತ್ತಿರ ಕೇಳುತ್ತಿರುವುದು ಆ ಕೊನೆಯ ಮೂರು ನಾಲ್ಕು ವಾರವನ್ನು. ರಜೆಯ ಓದು ಅಂದ ತಕ್ಷಣ ಎಲ್ಲರೂ ರಜೆಯಲ್ಲಿ ಏನು ಮಾಡಬೇಕು ಅಂತ ಯೋಚಿಸುತ್ತಾರೆ. ರಜೆ ಶುರುವಾದ ಮೇಲೆ ಆ ಮಗು ನಮ್ಮ ಕೈಗೆ ಸಿಗುವುದಿಲ್ಲ. ಪರೀಕ್ಷೆ ಮುಗಿದು, ಪಾಠವೂ ಇಲ್ಲದೆ, ಮಕ್ಕಳೂ ನಾವೂ ಸುಮ್ನೆ ಗಂಟೆ ಎಣಿಸುವ ದಿನಗಳಿವೆಯಲ್ಲ, ಅವು ಸಿಗುತ್ತವೆ.

ಆ ದಿನಗಳಲ್ಲಿ ಏನು ಮಾಡಿದೆ ಅಂತ ಹೇಳುತ್ತೇನೆ. ಮೊದಲು ಬೀರುವಿನ ಪುಸ್ತಕವೆಲ್ಲ ನೆಲಕ್ಕಿಳಿಸಿದೆ. ಬೆನ್ನು ಕಾಣುವ ಹಾಗೆ ಜೋಡಿಸಿಟ್ಟ ಪುಸ್ತಕ ಮಗುವಿನ ಜೊತೆ ಮಾತಾಡುವುದಿಲ್ಲ. ಮುಖಪುಟ ಮೇಲೆ ಮಾಡಿ ನೆಲದ ತುಂಬಾ ಹರಡಿ, ನಡುವೆ ಓಡಾಡಲು ದಾರಿ ಬಿಟ್ಟೆ. ಮಕ್ಕಳು ಒಂದು ಪೀರಿಯಡ್ ಪೂರ್ತಿ ಸುಮ್ಮನೆ ಸುತ್ತಿದರು. ಕೂತರು, ಎತ್ತಿದರು, ಚಿತ್ರ ನೋಡಿದರು, ಇಟ್ಟರು. ನಾನು ಏನೂ ಹೇಳಬಾರದು ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಕಷ್ಟ ಸ್ವಾಮಿ ಅದು. ಒಬ್ಬ ಹುಡುಗ ತಿಮಿಂಗಿಲದ ಒಂದು ದಪ್ಪ ಪುಸ್ತಕ ಎತ್ತಿಕೊಂಡು ಎದೆಗೆ ಅವುಚಿಕೊಂಡ. ಅವನ ಓದಿಗೆ ಅದು ಎರಡು ಮೆಟ್ಟಿಲು ಮೇಲಿನದು.

ಆರಿಸುವ ಹಕ್ಕು ಮಗುವಿಗೆ ಕೊಟ್ಟರೆ ಬರುವ ತೊಡಕು ಇದು. ಕಿಮ್ ಅವರದೇ ಇನ್ನೊಂದು ಪ್ರಯೋಗದಲ್ಲಿ, ಮನೆಮಾತು ಬೇರೆಯಿದ್ದ ಬಡ ಮಕ್ಕಳು ತಾವೇ ಆರಿಸಿದ ಪುಸ್ತಕ ತೆಗೆದುಕೊಂಡು ಹೋದರು. ಫಲ ಕಾಣಲಿಲ್ಲ. ಆರಿಸಿದ ಪುಸ್ತಕಗಳಲ್ಲಿ ಹಲವು ಅವರ ಓದಿಗೆ ಮೀರಿದ್ದವು. ಹಾಗಂತ ಆಯ್ಕೆಯನ್ನೇ ಕಿತ್ತುಕೊಂಡರೆ ಪುಸ್ತಕ ಮನೆಯ ಮೂಲೆ ಸೇರುತ್ತದೆ. ಇಷ್ಟವೂ ಆಗಬೇಕು, ಹಿಡಿತಕ್ಕೂ ಸಿಗಬೇಕು.

ಇದಕ್ಕೆ ಐದು ಬೆರಳಿನ ಪರೀಕ್ಷೆ ಅಂತ ಒಂದಿದೆ, ಹಳೆಯದು, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟ ತೆರೆದು ಮಗು ಗಟ್ಟಿಯಾಗಿ ಓದಬೇಕು. ಓದಲಾಗದ, ಅರ್ಥವಾಗದ ಪದ ಬಂದಾಗ ಒಂದು ಬೆರಳು ಮಡಚಬೇಕು. ಪುಟ ಮುಗಿಯುವ ಮೊದಲೇ ಐದೂ ಮಡಚಿ ಮುಷ್ಟಿಯಾದರೆ ಪುಸ್ತಕ ಈಗ ಕಷ್ಟ. ಒಂದೂ ಮಡಚದಿದ್ದರೆ ಸುಲಭ, ಸುಲಭದ್ದೂ ಬೇಕು. ಎರಡು ಮೂರು ಬೆರಳು ಮಡಚಿದರೆ ಸರಿಯಾಗಿ ಒಪ್ಪುತ್ತದೆ. ಪುಟಕ್ಕೆ ಹತ್ತೇ ಪದ ಇರುವ ಪುಸ್ತಕಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಎರಡು ಬೆರಳೂ ಜಾಸ್ತಿಯೇ. ಇದರ ಚೆಂದ ಏನೆಂದರೆ ‘ನಿನಗೆ ಇದು ಬರಲ್ಲ’ ಅಂತ ನಾನು ಹೇಳುವ ಪ್ರಸಂಗವೇ ಇಲ್ಲ. ಅವನ ಕೈಯೇ ಅವನಿಗೆ ಹೇಳುತ್ತದೆ.

ತಿಮಿಂಗಿಲದ ಹುಡುಗ ಮೂರನೇ ಸಾಲಿಗೇ ಮುಷ್ಟಿ ಮಾಡಿದ. ಪುಸ್ತಕ ಬಿಡಲು ಮನಸ್ಸಿಲ್ಲ. ಮುಷ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ! ಕೊನೆಗೆ ಒಪ್ಪಂದ ಆಯಿತು. ಸಮುದ್ರದ ಬಗ್ಗೆ ಇರುವ ಎರಡು ತೆಳು ಪುಸ್ತಕ ಅವನೇ ಆರಿಸಿದ, ಬೆರಳಿಗೆ ಒಪ್ಪುವಂಥದ್ದು. ತಿಮಿಂಗಿಲ ಅವುಗಳ ಮೇಲೆ ಹೆಚ್ಚುವರಿ. ಇಷ್ಟದ ಪುಸ್ತಕವನ್ನು ಮಗುವಿನಿಂದ ಕಿತ್ತುಕೊಳ್ಳಬೇಡಿ. ಅದರ ಜೊತೆಗೆ ಓದಲು ಬರುವುದನ್ನೂ ಸೇರಿಸಿ ಕೊಡಿ.

ಆಮೇಲಿನ ಕೆಲಸ ಪುಸ್ತಕವನ್ನು ತರಗತಿಯಲ್ಲೇ ಶುರು ಮಾಡಿಸುವುದು. ಮುಟ್ಟದ ಪುಸ್ತಕ ಮನೆಯಲ್ಲೂ ಮುಟ್ಟದೆಯೇ ಉಳಿಯುತ್ತದೆ. ಒಂದು ಕಥೆಯ ಮೊದಲ ಅಧ್ಯಾಯ ನಾನೇ ಓದುತ್ತಿದ್ದೆ. ಬಾಗಿಲು ಕಿರ್ ಅನ್ನುವ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚುತ್ತಿದ್ದೆ. ‘ಆಮೇಲೆ ಟೀಚರ್, ಆಮೇಲೆ?’ ‘ಆಮೇಲೆ ರಜೆಯಲ್ಲಿ.’ ಸ್ವಲ್ಪ ಕ್ರೂರ, ಒಪ್ಪುತ್ತೇನೆ. ಸರಣಿ ಕಥೆಗಳು ಇದಕ್ಕೆ ಹೇಳಿ ಮಾಡಿಸಿದ್ದು. ಪಾತ್ರಗಳು ಒಮ್ಮೆ ಪರಿಚಯವಾದರೆ ಎರಡನೇ ಪುಸ್ತಕ ಅರ್ಧ ಸುಲಭ.

ಹಾಗೇ ಮೂರು ಅಭ್ಯಾಸ ಮಾಡಿಸಿದೆ. ಮುಂದೇನಾಗಬಹುದು ಅಂತ ಪುಟ ತಿರುಗಿಸುವ ಮುಂಚೆ ಊಹಿಸುವುದು. ಅರ್ಥವಾಗದ ಕಡೆ ನಿಂತು ಮತ್ತೆ ಓದುವುದು. ಮುಗಿದ ಮೇಲೆ ಯಾರಿಗಾದರೂ ಕಥೆ ಹೇಳುವುದು. ಇವನ್ನು ಬೋರ್ಡಿನ ಮೇಲೆ ಬರೆದು ಓದಿಸಿದರೆ ಉಪಯೋಗವಿಲ್ಲ. ದಿನಾ ಒಂದು ಪುಟದ ಮೇಲೆ ಮಾಡಿ ಮಾಡಿ ರೂಢಿಯಾಗಬೇಕು. ಓದು ತೀರಾ ತೊದಲುವ ಮಕ್ಕಳಿಗೆ ಒಂದೇ ಪುಟವನ್ನು ಮೂರು ನಾಲ್ಕು ಸಲ ಗಟ್ಟಿಯಾಗಿ ಓದಿಸುವುದು ತುಂಬಾ ಒಳ್ಳೆಯದು. 1979ರಲ್ಲಿ ಜೇ ಸ್ಯಾಮ್ಯುಯೆಲ್ಸ್ ಇದರ ಬಗ್ಗೆ ಬರೆದ ಮೇಲೆ ಎಷ್ಟೋ ಜನ ಪರೀಕ್ಷಿಸಿ ನೋಡಿದ ವಿಧಾನ ಅದು. ನಾಲ್ಕನೇ ಸಲ ನೀರು ಹರಿದ ಹಾಗೆ ಓದಿದಾಗ ಮಗುವಿನ ಮುಖ ನೋಡಬೇಕು ನೀವು.

ಇನ್ನು ಮನೆಯವರು. ‘ಮನೆಯಲ್ಲಿ ಓದಿಸಿ’ ಅಂತ ಚೀಟಿ ಕಳಿಸುವುದು ಬಹಳ ಸುಲಭ. ಆ ಚೀಟಿಯನ್ನೇ ಓದಲು ಬಾರದ ಅಮ್ಮ ಏನು ಮಾಡಬೇಕು? ಒಬ್ಬರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು, ‘ಟೀಚರ್, ಅವಳು ತಪ್ಪು ಓದಿದ್ರೆ ನನಗೆ ಗೊತ್ತಾಗಲ್ಲವಲ್ಲ.’ ನಾನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದೆ, ‘ಕಥೆ ಅರ್ಥ ಆಗದಿದ್ರೆ ಗೊತ್ತಾಗುತ್ತೆ ಅಲ್ವಾ ಅಮ್ಮಾ? ಆಗ, ನನಗೆ ತಿಳೀಲಿಲ್ಲ, ಇನ್ನೊಂದ್ಸಲ ಓದು ಅನ್ನಿ.’ ಆ ಕ್ಷಣಕ್ಕೆ ಬಾಯಿಗೆ ಬಂದದ್ದು. ಆಮೇಲೆ ಅನ್ನಿಸಿತು, ಅಕ್ಷರ ಬರುವ ತಾಯಂದಿರು ತಪ್ಪನ್ನು ತಾವೇ ತಿದ್ದಿಬಿಡುತ್ತಾರೆ. ಈ ತಾಯಿಯ ಎದುರು ಮಗು ತಾನೇ ಹಿಂದೆ ಹೋಗಿ, ಎಲ್ಲಿ ಎಡವಿದೆ ಅಂತ ಹುಡುಕಬೇಕಾಗುತ್ತದೆ. ಅದಕ್ಕಿಂತ ಒಳ್ಳೆಯ ಅಭ್ಯಾಸ ಇದೆಯಾ? ಮನೆಮಾತು ಬೇರೆ ಇದ್ದರೂ ಅಷ್ಟೆ. ಶಾಲೆಯ ಭಾಷೆಯಲ್ಲಿ ಓದಲಿ, ಮನೆಯ ಭಾಷೆಯಲ್ಲಿ ಕಥೆ ಹೇಳಲಿ. ಕೇಳುವ ತಮ್ಮನೋ ತಂಗಿಯೋ ಇದ್ದರಂತೂ ಇನ್ನೂ ಒಳ್ಳೆಯದು. ಪುಟಾಣಿಗಳು ಒಂದೇ ಕಥೆಯನ್ನು ಹತ್ತು ಸಲ ಕೇಳುತ್ತಾರೆ, ಓದುವವರಿಗೆ ಹತ್ತು ಸಲ ಅಭ್ಯಾಸ.

ದಯವಿಟ್ಟು ಓದಿದ ಪುಟ ಬರೆದು ಸಹಿ ಹಾಕಿಸುವ ಡೈರಿ ಮಾತ್ರ ಬೇಡ. ನಾನು ಮಾಡಿ ನೋಡಿದ್ದೇನೆ. ರಜೆ ಮುಗಿದ ಮೇಲೆ ಬಂದ ಡೈರಿಗಳಲ್ಲಿ ಇಡೀ ರಜೆಯ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಬಿರುಸಿನಲ್ಲಿ, ಒಂದೇ ಸಂಜೆ ಬಿದ್ದಿದ್ದವು. ಒಬ್ಬ ಮಹಾಶಯ ಇನ್ನೂ ಬಾರದ ಎರಡು ದಿನಕ್ಕೂ ಸೇರಿಸಿ ಸಹಿ ಹಾಕಿಸಿಕೊಂಡಿದ್ದ. ಓದದ ಮಗು ಸುಳ್ಳು ಕಲಿಯಿತು, ಓದಿದ ಮಗುವಿಗೆ ಓದು ಹೋಮ್‌ವರ್ಕ್ ಆಯಿತು. ಅದರ ಬದಲು ರಜೆಯ ನಡುವೆ ಒಂದೆರಡು ಸಲ ಫೋನ್ ಮಾಡಿ. ‘ಆ ಬಾಗಿಲ ಹಿಂದೆ ಯಾರಿದ್ರು?’ ಅಂತ ಕೇಳಿ. ಎರಡು ನಿಮಿಷ ಸಾಕು. ಕಿಮ್ ಅವರ ಪ್ರಯೋಗದಲ್ಲಿ ಪುಸ್ತಕದ ಜೊತೆ ಪೋಸ್ಟ್‌ಕಾರ್ಡ್ ಇಟ್ಟು ಮಕ್ಕಳಿಂದ ಉತ್ತರ ತರಿಸಿಕೊಳ್ಳುತ್ತಿದ್ದರು, ಇದೂ ಅದೇ ಜಾತಿ.

ಬೇಸಿಗೆ ತರಗತಿ ನಡೆಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ನಡೆಸಬಹುದು, ದುಡ್ಡಿದ್ದರೆ, ಜನ ಇದ್ದರೆ. ಅಮೆರಿಕದ ಐದು ಕಡೆ 2013ರಿಂದ ಮೂರನೇ ತರಗತಿ ಮುಗಿಸಿದ ಮಕ್ಕಳಿಗೆ ನಡೆಸಿದ ಬೇಸಿಗೆ ತರಗತಿಗಳನ್ನು ರ‍್ಯಾಂಡ್ ಸಂಸ್ಥೆ ಪರಿಶೀಲಿಸಿತು. ಮೊದಲ ಬೇಸಿಗೆ ಮುಗಿದಾಗ ಲೆಕ್ಕದಲ್ಲಿ ಲಾಭ ಕಂಡಿತು, ಓದಿನಲ್ಲಿ ಕಾಣಲಿಲ್ಲ. ಲಾಭ ಚೆನ್ನಾಗಿ ಕಂಡದ್ದು 20 ದಿನಕ್ಕಿಂತ ಕಡಿಮೆಯಿಲ್ಲದೆ ಬಂದ ಮಕ್ಕಳಲ್ಲಿ. ಬರುವವರು ಬರುತ್ತಾರೆ, ಬರಬೇಕಾದವರು ಬರುವುದಿಲ್ಲ ಅನ್ನುವ ನಮ್ಮ ಹಳೇ ಗೋಳೇ ಅಲ್ಲೂ. 2013ರಲ್ಲಿ ಕಿಮ್ ಮತ್ತು ಡೇವಿಡ್ ಕ್ವಿನ್ 41 ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಮನೆಯಲ್ಲಿ ಓದಿಸುವ ಯೋಜನೆಗಳಿಂದಲೂ, ತರಗತಿಗಳಿಂದಲೂ ಪ್ರಯೋಜನ ಕಂಡಿತು. ಬಡ ಮಕ್ಕಳಿಗೆ ಹೆಚ್ಚು. ಎರಡೂ ಇದ್ದರೆ ಸಂತೋಷ. ಒಂದೇ ಸಾಧ್ಯ ಅನ್ನುವ ಕಡೆ ನಾನು ಪುಸ್ತಕದ ಕಡೆ ಕೈ ಎತ್ತುತ್ತೇನೆ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಯುವ ಶಿಕ್ಷಕರು ಕೇಳಿದರು: ‘ಮೇಡಂ, ಮೊಬೈಲಿನಲ್ಲೇ ಓದಿಸಿದರೆ ಆಗಲ್ವಾ?’ ಆಗುತ್ತದೆ, ಆ ಮಗುವಿಗೆ ಮೊಬೈಲ್ ಸಿಗುವುದಾದರೆ. ಮನೆಯಲ್ಲಿ ಒಂದೇ ಫೋನ್, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ ಅಂದಾಗ ರಾತ್ರಿ ಎಷ್ಟು ಹೊತ್ತಿಗೆ ಓದಬೇಕು? ಇನ್ನೊಂದು, ಓದು ಕಷ್ಟವಿರುವ ಮಗುವಿನ ಎದುರು ಅದೇ ಪರದೆಯ ಮೇಲೆ ಆಟವೂ ಇದೆ, ವಿಡಿಯೋವೂ ಇದೆ. ಆ ಪರದೆಯ ಎದುರು ನಾನೇ ಸೋಲುತ್ತೇನೆ, ಮಗು ಗೆಲ್ಲುತ್ತದೆಯೇ? ಕಥೆ ಕೇಳಿಸಿಕೊಳ್ಳಲು ಬೇಕಾದರೆ ಫೋನ್ ಬಳಸಿ. ಪುಸ್ತಕ ಕೈಯಲ್ಲಿ ಹಿಡಿದು, ದನಿಯ ಜೊತೆ ಸಾಲಿನ ಮೇಲೆ ಕಣ್ಣು ಓಡಿಸಿದರೆ ಒಳ್ಳೆಯದೇ.

ಹಿಂದಿನ ಸಾಲಿನಲ್ಲಿದ್ದ ಹಿರಿಯ ಗ್ರಂಥಪಾಲಕರೊಬ್ಬರು ಎದ್ದು ನಿಂತರು. ಅವರ ಪ್ರಶ್ನೆ ಏನಿರುತ್ತದೆ ಅಂತ ನನಗೆ ಗೊತ್ತಿತ್ತು. ‘ಎಲ್ಲ ಸರಿ ಅಮ್ಮಾ. ಪುಸ್ತಕ ಕಳೆದರೆ ಲೆಕ್ಕ ಯಾರು ಕೊಡೋದು?’

ಸಭೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಪ್ರಶ್ನೆ ನಗುವಂಥದ್ದಲ್ಲ. ನಮ್ಮ ಕೈ ಕಟ್ಟಿ ಹಾಕಿರುವುದೇ ಅದು. ಬೀರು ತೆರೆದ ಮೊದಲ ವರ್ಷ ನನಗೂ ನಿದ್ದೆ ಬಂದಿರಲಿಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ, ಇಷ್ಟು ಪುಸ್ತಕ ವಾಪಸ್ ಬರದೇ ಇರಬಹುದು, ಅದನ್ನು ಹಳತಾಗಿ ಹರಿದು ಹೋದದ್ದರ ಪಟ್ಟಿಗೆ ಸೇರಿಸಲು ಮೊದಲೇ ಒಪ್ಪಿಗೆ ಕೊಡಿ ಅಂತ ಬರೆಸಿಕೊಂಡೆ. ನೀವೂ ಹಾಗೇ ಮಾಡಿ, ಬಾಯಿಮಾತಿನಲ್ಲಿ ಬಿಡಬೇಡಿ. ಮಕ್ಕಳಿಗೆ ದಂಡದ ಮಾತು ಎತ್ತಬೇಡಿ. ದಂಡ ಅಂದರೆ ಪುಸ್ತಕ ಕಳೆಯಬಾರದು ಅಂತ ಮಗು ಅದನ್ನು ಮನೆಗೆ ಒಯ್ಯುವುದೇ ಇಲ್ಲ. ಶಾಲೆ ತೆರೆದ ಮೇಲೆ ನೋಡಿದರೆ ಬೆರಳೆಣಿಕೆಯಷ್ಟು ಬರಲಿಲ್ಲ. ಕೆಲವು ನೀರು ಕುಡಿದು ಉಬ್ಬಿ ಬಂದವು.

ಆ ಬೆರಳಿನ ಹುಡುಗಿ ಆಗ ನಾಲ್ಕನೇ ತರಗತಿ ಮುಗಿಸಿದ್ದಳು. ಅವಳು ತಂದ ಒಂದು ಪುಸ್ತಕದ ರಟ್ಟು ಕಿತ್ತು ಬಂದಿತ್ತು. ಅದನ್ನು ನೀಲಿ ದಾರದಲ್ಲಿ, ಬಟ್ಟೆ ಹೊಲಿಯುವ ಹಾಗೆ, ಒತ್ತೊತ್ತಾಗಿ ಹೊಲಿದು ತಂದಿದ್ದಳು. ‘ತಮ್ಮ ದಿನಾ ಅದನ್ನೇ ಓದು ಅಂತಾನೆ ಟೀಚರ್, ಎಳೆದಾಡಿ ಹಾಗಾಯ್ತು’ ಅಂದಳು. ರಿಜಿಸ್ಟರಿನಲ್ಲಿ ಪುಸ್ತಕದ ಸ್ಥಿತಿ ಬರೆಯುವ ಒಂದು ಕಾಲಂ ಇರುತ್ತದಲ್ಲ, ಅದರಲ್ಲಿ ಏನು ಬರೆಯಲಿ ಅಂತ ನಾನು ಪೆನ್ನು ಹಿಡಿದು ಕೂತಿದ್ದೆ. ಅವಳು ಅಷ್ಟರಲ್ಲಿ ಬೀರುವಿನ ಹತ್ತಿರ ಹೋಗಿ ಇನ್ನೊಂದು ಪುಸ್ತಕ ತೆರೆದು ನಿಂತಿದ್ದಳು. ಒಂದು ಕೈಯಲ್ಲಿ ಎರಡು ಬೆರಳು ಮಡಚಿತ್ತು.